ಸುಣ್ಣ ಸೋಡದ ಗೆರೆ

ನಲವತ್ತೈದು ದಾಟಿದ ಮೇಲೆ ನನ್ನ ಕುತ್ತಿಗೆಯಲ್ಲಿ ನರಹುಲಿಗಳು ಎದ್ದವು. ನೋವಿಲ್ಲ, ತುರಿಕೆಯಿಲ್ಲ. ತಾಳಿ ಸರ ಕೂರುವ ಜಾಗದಲ್ಲೇ ಸಾಲಾಗಿ ಬಂದವು. ಕೆಲವು ರಾಗಿ ಕಾಳಿನಷ್ಟು, ಕೆಲವು ಸಣ್ಣ ತೊಟ್ಟು ಬಿಟ್ಟು ಜೋತುಬಿದ್ದವು. ಅವ್ವನಿಗೆ ತೋರಿಸಿದ್ದರೆ ಚಿಕ್ಕವಳಿದ್ದಾಗ ನಕ್ಷತ್ರ ಎಣಿಸಿದ್ದಕ್ಕೆ ಬಂದಿವೆ ಅನ್ನುತ್ತಿದ್ದಳು. ನಾನು ಯಾರಿಗೂ ತೋರಿಸಲಿಲ್ಲ, ಗಂಡನಿಗೂ. ಪಾವಗಡದ ಆ ಬಿಸಿಲಲ್ಲೂ ಕುತ್ತಿಗೆಗೆ ಸೆರಗು ಸುತ್ತಿಕೊಂಡೇ ಓಡಾಡಿದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನ ತವರು ಐ.ಡಿ.ಹಳ್ಳಿಯಲ್ಲಿ ಅಣ್ಣನ ಮಗಳಿಗೆ ಮದುವೆ ಗೊತ್ತಾಯಿತು. ಹಿಂದೊಮ್ಮೆ ಅರಿಶಿನ ಕುಂಕುಮದ ದಿನ ಇದೇ ಹುಡುಗಿ ನನ್ನ ಕುತ್ತಿಗೆಗೆ ಗಂಧ ಹಚ್ಚಲು ಬಂದು, ತಟ್ಟನೆ ಕೈ ಎಳೆದುಕೊಂಡಿದ್ದಳು. "ಇದೇನತ್ತೆ, ಕುರಿಗೆ ಉಣ್ಣಿ ಹುಳ ಕಚ್ಕೊಂಡಂಗೈತೆ?" ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಮದುವೆಗೆ ಮುಂಚೆ ಇವನ್ನು ತೆಗೆಯಲೇಬೇಕೆಂದು ಹಟ ಹುಟ್ಟಿತು. ಆಸ್ಪತ್ರೆಯಲ್ಲಿದ್ದವರು ಗಂಡಸು ಡಾಕ್ಟರು. ಅವರೆದುರು ಸೆರಗು ಸರಿಸಿ ಕೂರುವುದು ನನ್ನಿಂದಾಗದ ಕೆಲಸ.

ಪಕ್ಕದ ಮನೆಯಾಕೆ ಉಪಾಯ ಹೇಳಿದಳು. ಅವಳದು ತೆಲುಗು ಬೆರೆತ ಮಾತು. "ಎಲೆಅಡಿಕೆ ಸುಣ್ಣಕ್ಕೆ ಬಟ್ಟೆ ಸೋಡ ಕಲಸಿ ಹಚ್ಚಕ್ಕಾ, ರಾಲಿಪೋತಾಯಿ. ಒಂದೇ ಸಲಕ್ಕೆ ಉದುರೋಗ್ತವೆ." ಕಡ್ಡಿ ತುದಿಯಲ್ಲಿ ಒಂದೊಂದಕ್ಕೇ ಮುಟ್ಟಿಸಬೇಕು ಎಂದೂ ಅಂದಿದ್ದಳು. ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಮೇಷ್ಟರಾಗಿದ್ದ ಗಂಡ ಸ್ಕೂಲಿಗೆ ಹೊರಟದ್ದೇ ತಡ, ಈ ಕಿವಿಯಿಂದ ಆ ಕಿವಿಯವರೆಗೆ ಬೆರಳಲ್ಲಿ ಬಳಿದುಕೊಂಡೆ. ಇರಲಾರದೆ ಇರುವೆ ಬಿಟ್ಟುಕೊಂಡೆ. ಉರಿ ತಾಳದೆ ತೊಳೆಯುವಷ್ಟರಲ್ಲಿ ಚರ್ಮ ಸುಲಿದಿತ್ತು. ನರಹುಲಿಗಳೇನೋ ಕರಕಲಾಗಿ ಉದುರಿದವು, ಆದರೆ ಕುತ್ತಿಗೆಯ ಸುತ್ತ ಒಂದು ಗೆರೆ ಉಳಿಯಿತು. ಮೊದಲು ಕೆಂಪಗಿತ್ತು, ಆಮೇಲೆ ಕಪ್ಪಾಯಿತು. ಗಂಡ ಏನೂ ಕೇಳಲಿಲ್ಲ. ಅವರ ಕಣ್ಣಿಗೆ ಬಿದ್ದಿಲ್ಲ ಎಂದುಕೊಂಡೆ.

ಎಷ್ಟೋ ವರ್ಷದ ಮೇಲೆ ಮಧುಗಿರಿಯಲ್ಲಿ ಒಬ್ಬ ಡಾಕ್ಟರಮ್ಮ ನನಗೆ ತಿಳಿಸಿ ಹೇಳಿದರು. ವಯಸ್ಸಾದಂತೆ ಮಡಿಕೆ ಬೀಳುವ ಕಡೆ, ಸರ ಉಜ್ಜುವ ಕಡೆ ಚರ್ಮ ಹೀಗೆ ಬೆಳೆಯುತ್ತದಂತೆ. ಅಂಟು ರೋಗವಲ್ಲ, ಅಪಾಯದ್ದೂ ಅಲ್ಲ. ಬೇಡವಾದರೆ ಆ ಜಾಗ ಮರಗಟ್ಟಿಸಿ ಕತ್ತರಿಸಿದರಾಯಿತು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಅವತ್ತು ನನಗೆ ಈ ಮಾತು ಹೇಳುವವರಿರಲಿಲ್ಲ. ಇದ್ದಿದ್ದರೂ ನಾನು ಕೇಳಬೇಕಿತ್ತಲ್ಲ.

ಮದುವೆಯ ದಿನ ಸೊಪ್ಪು ಸೋಸುತ್ತ ಬಗ್ಗಿದಾಗ ಸೆರಗು ಜಾರಿತು. ಅಣ್ಣ ನೋಡಿಬಿಟ್ಟ. ಹಿತ್ತಲಿಗೆ ಕರೆದು ಕೇಳಿದ.

"ಏನಮ್ಮ ಅದು ಕುತ್ಗೇಲಿ?"

"ನರೂಲಿ ಎದ್ದಿದ್ವು ಕಣಣ್ಣ. ಸುಣ್ಣ ಸೋಡ ಹಚ್ಕೊಂಡೆ, ಸುಟ್ಟೋಯ್ತು."

"ಹಗ್ಗದ ಗುರ್ತು ನಂಗೆ ತಿಳಿಯಾಕಿಲ್ವ? ಗಂಡನ್ನ ಬುಟ್ಕೊಡಾಕಿಲ್ಲ ನೀನು."

ನಾನು ತಡೆಯುವಷ್ಟರಲ್ಲಿ ಅಣ್ಣ ಊಟದ ಪಂಕ್ತಿಗೆ ಹೋಗಿ ನನ್ನ ಗಂಡನ ಎಲೆಯ ಮುಂದೆ ನಿಂತಿದ್ದ. "ಭಾವ, ನನ್ ತಂಗಿ ನೇಣಾಕ್ಕೊಳಂಗೆ ಅದೇನ್ ಮಾಡ್ಬುಟ್ರಿ ನೀವು?"

ನನ್ನ ಮೇಲೆ ಒಂದು ದಿನವೂ ಕೈಯೆತ್ತಿದವರಲ್ಲ ನನ್ನ ಗಂಡ. ಇಲ್ಲ ಎಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಕಳ್ಳನ ಹಾಗೆ ತಲೆ ತಗ್ಗಿಸಿ ಎಲೆ ನೋಡುತ್ತ ಕೂತರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ನುಗ್ಗಿ ಹೋಗಿ ಅಷ್ಟು ಜನದ ಮುಂದೆ ಸೆರಗು ಕಿತ್ತು ಕುತ್ತಿಗೆ ತೋರಿಸಿದೆ. ನರಹುಲಿ, ಸುಣ್ಣ, ಸೋಡ, ಎಲ್ಲ ಹೇಳಿದೆ. ಯಾರೋ ಕಿಸಕ್ಕೆಂದರು. ಈ ವಯಸ್ಸಿನಲ್ಲಿ ಇವಳಿಗೆ ಶೃಂಗಾರವೇ ಎಂದು ಒಬ್ಬಳು ಪಿಸುಗುಟ್ಟಿದ್ದು ಕೇಳಿಸಿತು. ಅಣ್ಣ ಮಾತ್ರ ನಂಬಲಿಲ್ಲ, ಮುಖ ತಿರುಗಿಸಿ ಹೋದ. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ವಾಪಸ್ಸು ಪಾವಗಡದ ಬಸ್ಸಿನಲ್ಲಿ ಗಂಡನನ್ನು ತರಾಟೆಗೆ ತೆಗೆದುಕೊಂಡೆ. "ಬಾಯಿಗೆ ಬೀಗ ಬಿದ್ದಿತ್ತಾ ನಿಮಗೆ? ಕಲ್ಲಿನ ಥರ ಯಾಕೆ ಕೂತ್ರಿ?"

ಅವರು ಕಿಟಕಿಯ ಕಡೆ ನೋಡುತ್ತ ಹೇಳಿದರು. "ನಾನೂ ನಿಮ್ಮಣ್ಣನಂಗೇ ಅಂದ್ಕೊಂಡಿದ್ದೆ. ಗೆರೆ ನೋಡಿದ ದಿನಾನೇ ಬಾವಿ ಹಗ್ಗ ತಗೊಂಡೋಗಿ ಸ್ಕೂಲ್ ಬೀರುವಲ್ಲಿ ಇಟ್ಟು ಬೀಗ ಹಾಕ್ದೆ."

ಹಗ್ಗ ಯಾರೋ ಕದ್ದರೆಂದು ನಾನು ಬೀದಿಗೆಲ್ಲ ಕೇಳುವಂತೆ ಬೈದಿದ್ದೆ.

"ಜನರ ಮುಂದೆ ನನ್ನ ಮಾನ ಉಳಿಸೋಕೆ ನೀನು ಆ ನರಹುಲಿ ಕತೆ ಹೇಳಿದೆ, ಗೊತ್ತು. ನಂದೇನು ತಪ್ಪು ಅಂತ ಆವತ್ತಿಂದ ಹುಡುಕ್ತಾನೇ ಇದೀನಿ. ಸಾರಿಗೆ ಉಪ್ಪಿಲ್ಲ ಅಂತ ಒಂದ್ಸಲ ತಟ್ಟೆ ತಳ್ಳಿದ್ದೆ, ಅದೊಂದು ನೆನಪಾಯ್ತು. ಅದಕ್ಕೇನಾ?"

ಅವರ ಕೈ ಹಿಡಿದು ಸೆರಗಿನ ಒಳಗೆ, ಹೆಕ್ಕತ್ತಿನ ಮೇಲಿಟ್ಟೆ. ಸುಣ್ಣ ತಾಗದೆ ಎರಡು ನರಹುಲಿ ಅಲ್ಲಿ ಉಳಿದಿದ್ದವು.

"ಇವಕ್ಕೆ ಕಣ್ರೀ," ಎಂದೆ.

"ಇಷ್ಟಕ್ಕಾ?" ಎಂದವರು, ಮುಂದಿನ ಸೀಟಿನವರು ತಿರುಗಿ ನೋಡುವ ಹಾಗೆ ಅತ್ತುಬಿಟ್ಟರು.