ಬಲಗಡೆ ಬಿಚ್ಚಿದ ಬೇರಿಂಗು

ಜರಗನಹಳ್ಳಿಯ ತಗಡಿನ ಶೆಡ್ಡಿನಲ್ಲಿ ಬಸವಂತ ಮೂವತ್ತು ವರ್ಷದಿಂದ ಗಾಡಿ ರಿಪೇರಿ ಮಾಡುತ್ತಿದ್ದ. ಓದು ನಾಲ್ಕನೇ ಇಯತ್ತೆ, ಗುರು ಯಾರೂ ಇಲ್ಲ. ಬಂಡವಾಳವೆಂದರೆ ಎರಡು ಕಿವಿ. ಹಿಂದಿನ ಆ್ಯಕ್ಸಲ್ಲಿನಲ್ಲಿ ಸದ್ದು ಎಂದು ಯಾರಾದರೂ ಪಿಕಪ್ ತಂದರೆ, ಮಾಲೀಕನಿಗೇ ಓಡಿಸಲು ಹೇಳಿ ತಾನು ಹಿಂದೆ ಸರಕು ತುಂಬುವ ತೊಟ್ಟಿಯಲ್ಲಿ ಎರಡು ಚಕ್ರಗಳ ನಡುವೆ ಕುಕ್ಕರಗಾಲಲ್ಲಿ ಕೂತು ಕಣ್ಣು ಮುಚ್ಚುತ್ತಿದ್ದ. ಮೈದಾನದಲ್ಲಿ ಎರಡು ಸುತ್ತು. ಇಳಿದ ಮೇಲೆ ಬೆರಳು ತೋರಿಸುತ್ತಿದ್ದ. ಅಲ್ಲೇ ಇರುತ್ತಿತ್ತು ಕೇಡು.

ಎಡಗಿವಿ ಸತ್ತು ಆರು ತಿಂಗಳಾಗಿತ್ತು. ಅದು ಹೆಂಡತಿ ಪಾರವ್ವನನ್ನು ಬಿಟ್ಟರೆ ನರಪಿಳ್ಳೆಗೂ ಗೊತ್ತಿರಲಿಲ್ಲ.

"ಇನ್ನೊಬ್ರನ್ನ ಜೊತೆಗೆ ಕೂರಿಸ್ಕೊ" ಎಂದಿದ್ದಳು ಅವಳು.

"ಪಕ್ಕದ ಮನೆಯವನ ಕಣ್ಣಲ್ಲಿ ಚಿನ್ನ ನೋಡೋ ಅಕ್ಕಸಾಲಿಗ ಎಲ್ಲಾದ್ರೂ ಇದಾನೇನೆ?"

ಭೀಮಪ್ಪ ದಿನಾ ಮಡಿವಾಳ ಮಾರುಕಟ್ಟೆಯಿಂದ ಯಡಿಯೂರಿಗೆ ತನ್ನ ಪಿಕಪ್ಪಿನಲ್ಲಿ ತರಕಾರಿ ಸಾಗಿಸುವವನು. ತೊಟ್ಟಿಯ ಮೂಟೆಗಳ ನಡುವೆ ಹೆಂಡತಿ ಚೂಡಾಮಣಿ ಕೂತಿರುತ್ತಿದ್ದಳು. ಅವನು ಬಂದು, "ಅಣ್ಣ, ಬಲಕ್ಕೆ ತಿರುಗಿಸಿದ್ರೆ ಹಿಂದೆ ಗುರ್ ಅನ್ನುತ್ತೆ" ಎಂದ.

ಬಲಕ್ಕೆ ತಿರುಗಿದರೆ ಭಾರ ಎಡಚಕ್ರದ ಮೇಲೆ ಬೀಳುತ್ತದೆ; ಆಗ ಗುರುಗುಟ್ಟಿದರೆ ಮೊದಲ ಅನುಮಾನ ಎಡಗಡೆ ಬೇರಿಂಗಿನ ಮೇಲೆ. ಇದನ್ನು ಊರಿಗೆಲ್ಲ ಕಲಿಸಿದವನೇ ಬಸವಂತ. ಆದರೆ ತೊಟ್ಟಿಯಲ್ಲಿ ಕೂತಾಗ ಸದ್ದು ಬಲಗಡೆಯಿಂದ ಬಂತು. ಲೆಕ್ಕ ಒಂದು ಹೇಳಿತು, ಕಿವಿ ಇನ್ನೊಂದು ಹೇಳಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

"ಜಾಕ್ ಕೊಟ್ಟು ಎರಡೂ ಚಕ್ರ ಅಲ್ಲಾಡಿಸಿ ನೋಡಲ್ವಾ ಅಣ್ಣ?" ಎಂದ ಭೀಮಪ್ಪ.

"ಅದೆಲ್ಲ ಕಿವುಡರ ಕೆಲಸ ಕಣಪ್ಪಾ."

ಬಲಗಡೆಯದನ್ನು ಬಿಚ್ಚಿ ಹೊಸ ಬೇರಿಂಗು ಕೂರಿಸಿದ. ಇನ್ನೂ ಸ್ವಲ್ಪ ಸದ್ದಿದೆ ಎಂದು ಭೀಮಪ್ಪ ಗೊಣಗಿದಾಗ, "ಹೊಸ ಸೊಸೆ, ಎರಡು ದಿನ ಮುನಿಸಿರುತ್ತೆ" ಎಂದು ಕಳಿಸಿದ.

ಮೂರನೆಯ ದಿನ ಬೆಳಿಗ್ಗೆ ಯಡಿಯೂರು ಕೆರೆಯ ತಿರುವಿನಲ್ಲಿ ಎಡಗಡೆಯ ಬೇರಿಂಗು ಒಡೆದು, ಚಕ್ರ ಆ್ಯಕ್ಸಲ್ ಸಮೇತ ಕಿತ್ತು ಬಂತು. ಗಾಡಿ ಮಗುಚಿ ಚೂಡಾಮಣಿಯ ಕಾಲಿನ ಮೇಲೆ ಬಿತ್ತು. ಸಂಜೆಯೊಳಗೆ ಡಾಕ್ಟರು ಮಂಡಿಯ ಕೆಳಗಿನದನ್ನು ತೆಗೆದರು.

ಎಡಚಕ್ರ ಎಂಬುದನ್ನು ಕೇಳಿದಾಗಲೇ ಬಸವಂತನಿಗೆ ಹೊಳೆದದ್ದು: ಒಂದೇ ಕಿವಿಯವನಿಗೆ ಲೋಕದ ಸದ್ದೆಲ್ಲ ಒಂದೇ ಕಡೆಯಿಂದ ಬರುತ್ತದೆ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಭೀಮಪ್ಪ ಅವನನ್ನು ನೋಡಿ ಪಕ್ಕಕ್ಕೆ ಸರಿದು ಕೂರಲು ಜಾಗ ಬಿಟ್ಟ. "ನೀನು ಯಾಕೆ ನೊಂದ್ಕೋತೀಯಣ್ಣ, ಹಳೇ ಗಾಡಿ. ಒಂದು ಸರಿ ಮಾಡಿದ್ರೆ ಇನ್ನೊಂದು ಹೋಗುತ್ತೆ."

ಆ ಮಾತನ್ನು ಹಿಡಿದುಕೊಂಡು ಎದ್ದು ಬಂದುಬಿಡಬಹುದಿತ್ತು. ಬಸವಂತ ಏಳಲಿಲ್ಲ.

"ಹಳೇದಾಗಿದ್ದು ಗಾಡಿ ಅಲ್ಲಪ್ಪ. ನಂಗೆ ಎಡಗಿವಿ ಕೇಳ್ಸಲ್ಲ. ಆರು ತಿಂಗಳಾಯ್ತು."

ಭೀಮಪ್ಪ ಬೈಯಲಿಲ್ಲ.

"ನಂಗೊಂದು ಮಾತು ಹೇಳ್ಬಾರ್ದಿತ್ತಾ? ನಿನ್ನ ಪಕ್ಕದಲ್ಲಿ ಕೂತು ನಾನೇ ಕೇಳಿ ಹೇಳ್ತಿದ್ದೆ. ಚೂಡಾನಾದ್ರೂ ಹೇಳ್ತಿದ್ಲು, ದಿನಾ ಆ ಚಕ್ರದ ಮೇಲೇ ಕೂತು ಬರೋಳು."

ಒಳಗಿನಿಂದ ನರ್ಸು ಕರೆದಳು. ಭೀಮಪ್ಪ ಫ್ಲಾಸ್ಕು ಎತ್ತಿಕೊಂಡು, ತಿರುಗಿಯೂ ನೋಡದೆ ವಾರ್ಡಿನೊಳಗೆ ಹೋದ.