ಗುಡ್ಡದ ಜವಾಬು ಬರುವವರೆಗೆ

ಮೊನ್ನೆ ಬೆಳಗ್ಗೆ ಅಡುಗೆಮನೆಯಲ್ಲಿ ನಾವು ಮೂವರಿದ್ದೆವು. ಸೊಸೆ ಹುಣಸೆಹಣ್ಣು ಹಚ್ಚಿ ಹಳೆಯ ಕಂಚಿನ ತಾಟು ತಿಕ್ಕುತ್ತಿದ್ದಳು. ಶಾಲೆಯ ಬಟ್ಟೆ ತೊಟ್ಟ ಮೊಮ್ಮಗಳು ನಿಂತುಕೊಂಡೇ ರೊಟ್ಟಿ ತಿನ್ನುತ್ತಿದ್ದಳು. ನಾನು ಚಹಾ ಹಿಡಿದು ಹೊಸ್ತಿಲ ಹತ್ತಿರ ಕೂತಿದ್ದೆ. ತಾಟು ಸೊಸೆಯ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿದ್ದು, ಅಂಚಿನ ಮೇಲೆ ಗರಗರ ತಿರುಗುತ್ತ ಮೊಳಗತೊಡಗಿತು. ಮೊಮ್ಮಗಳು ಅದರ ಮೇಲೆ ಅಂಗೈ ಒತ್ತಲು ಓಡಿಬಂದಳು.

“ಬಿಡವಾ, ಅದು ತಾನಽ ನಿಲ್ಲಲಿ,” ಎಂದೆ.

ಹುಣಸೆಹುಳಿಯ ವಾಸನೆ, ಕಂಚಿನ ದನಿ… ಎರಡೂ ಕೂಡಿ ನನ್ನನ್ನು ನರಗುಂದದ ಒಂದು ಸರಕಾರಿ ಕಚೇರಿಯ ಕಟ್ಟೆಗೆ ಒಯ್ದು ನಿಲ್ಲಿಸಿದವು. ಯಾವ ಕಚೇರಿ ಎಂದು ಹೇಳುವುದಿಲ್ಲ. ಅಲ್ಲಿದ್ದ ಸಾಹೇಬರ ಮೊಮ್ಮಕ್ಕಳು ಓದಿಯಾರು. ಐವತ್ತರ ದಶಕದ ಮಾತು. ನಾನು ಆಗ ತಾನೇ ಕಾರಕೂನನಾಗಿ ಸೇರಿದ್ದೆ. ಮುಖದ ಮೇಲೆ ಮೀಸೆ ಇನ್ನೂ ನೆಟ್ಟಗೆ ಕೂತಿರಲಿಲ್ಲ.

ಆ ಕಟ್ಟೆಯ ಮೇಲೆ ಒಂದು ಕಂಚಿನ ಗಂಟೆ ತೂಗುತ್ತಿತ್ತು. ದಪ್ಪ ರೊಟ್ಟಿಯಂತೆ ದುಂಡಗೆ, ಚಪ್ಪಟೆ. ತಾಸು ತಾಸಿಗೆ ಅದನ್ನು ಬಾರಿಸುವ ಸಿಪಾಯಿಯನ್ನು ಊರೆಲ್ಲ ಗಂಟಿ ಕಾಕಾ ಅನ್ನುತ್ತಿತ್ತು. ಅವರು ಅದನ್ನು ಸೋಮವಾರಕ್ಕೊಮ್ಮೆ ಹುಣಸೆಹುಳಿ ಹಚ್ಚಿ ಬೆಳಗುತ್ತಿದ್ದರು. ಕಟ್ಟಿಗೆಯ ಕೊಡತಿಯಿಂದ ಒಂದು ಪೆಟ್ಟು ಹೊಡೆದರೆಂದರೆ ಕೊಡತಿಯನ್ನು ಎದೆಗೆ ಅವುಚಿಕೊಂಡು, ಕತ್ತು ಓರೆ ಮಾಡಿ, ಊರ ಮಗ್ಗುಲಿನ ಗುಡ್ಡದ ಕಡೆ ನೋಡುತ್ತ ನಿಂತುಬಿಡುತ್ತಿದ್ದರು. ದನಿ ಹೋಗಿ ಗುಡ್ಡಕ್ಕೆ ಬಡಿದು, ತಿರುಗಿ ಬಂದು, ಅದೂ ಅಡಗಬೇಕು. ಆಮೇಲೆ ಎರಡನೆಯ ಪೆಟ್ಟು.

ಊರವರಿಗೆ ಇದೊಂದು ಚೇಷ್ಟೆ. “ಕಾಕಾ ಹನ್ನೆರಡು ಹೊಡಿಯಾಕ ಸುರು ಮಾಡಿದ್ರ ಹಿಟ್ಟು ಕಲಸರಿ. ಮುಗಿಸೂದ್ರಾಗ ಉಂಡು ಕೈ ತೊಳಕೋಬಹುದು,” ಅನ್ನುತ್ತಿದ್ದರು. ನಾನೂ ಒಮ್ಮೆ ಕೇಳಿದ್ದೆ, ಯಾಕೆ ಇಷ್ಟು ತಡೆಯುತ್ತೀರಿ ಎಂದು.

“ಗುಡ್ಡ ಜವಾಬು ಕೊಡೂಮಟಾ ತಡೀಬೇಕ ತಮ್ಮಾ. ಒಬ್ಬರು ಮಾತಾಡೂಮುಂದ ನಡುವ ಬಾಯಿ ಹಾಕಬಾರದು.”

ಮುದುಕರ ಹುಚ್ಚು ಎಂದುಕೊಂಡು ನನ್ನ ಮೇಜಿಗೆ ಮರಳಿದೆ.

ಹೊಸ ಸಾಹೇಬರು ಬಂದರು. ಕೆಟ್ಟವರೇನಲ್ಲ, ಆದರೆ ಅವಸರವೇ ಮೈವೆತ್ತಿದ ಮನುಷ್ಯ. ಕೈಗಡಿಯಾರ ನೋಡಿಕೊಂಡೇ ಚಹಾ ಕುಡಿಯುತ್ತಿದ್ದರು. ಬಂದ ವಾರದಲ್ಲೇ ಕಾಕಾನ ಗಂಟೆಗೆ ಗಡಿಯಾರ ಹಿಡಿದರು.

“ಹನ್ನೆರಡು ಹೊಡಿಯಾಕ ಮೂರು ಮಿನಿಟ! ಏನ್ ಮದುವಿ ಊಟಕ್ಕ ಕೂತೀಯೇನು? ಲಗೂ ಲಗೂ ಹೊಡದು ಮುಗಸು.”

“ಹೌದ್ರಿ ಸಾಹೇಬ್ರ,” ಎಂದರು ಕಾಕಾ. ಒಂದು ಗಂಟೆಗೆ ಇದ್ದದ್ದೇ ಒಂದು ಪೆಟ್ಟು, ತೊಂದರೆಯಾಗಲಿಲ್ಲ. ಎರಡಕ್ಕೆ ಮತ್ತೆ ಅದೇ ತಡೆ.

ಹದಿನೈದು ದಿನ ಹೀಗೇ ನಡೆಯಿತು. ಕೊನೆಗೆ ಸಾಹೇಬರು ನನ್ನನ್ನು ಕರೆದು ಮೆಮೊ ಬರೆಸಿದರು. ಎಂಟು ದಿನದಲ್ಲಿ ತಕ್ಕ ಸಮಜಾಯಿಷಿ ಕೊಡದಿದ್ದರೆ ಕೆಲಸದಿಂದ ತೆಗೆಯಲಾಗುವುದು. ಕಾಕಾನಿಗೆ ಪಿಂಚಣಿಗೆ ಎರಡೇ ವರ್ಷ ಉಳಿದಿತ್ತು. ಓದು ಬಾರದು. ಆ ಕಾಗದ ಹಿಡಿದುಕೊಂಡು ಬಂದದ್ದು ನನ್ನ ಬಳಿಗೇ. ನಾನೇ ಬರೆದದ್ದನ್ನು ನಾನೇ ಓದಿ ಹೇಳಿದೆ.

“ಅಕ್ಷರ ಭಾಳ ದುಂಡಗದಾವು. ಚಲೋ ಬರದೀ,” ಎಂದರು. ಸಿಟ್ಟಿಲ್ಲ, ಚುಚ್ಚುಮಾತಲ್ಲ… ಅದೇ ನನಗೆ ಹೆಚ್ಚು ನಟ್ಟಿತು.

“ಕಾಕಾ, ನಿಮ್ಮ ಕಾಲಿಗೆ ಬೀಳ್ತೀನಿ. ಎರಡು ವರ್ಷ ಅವರು ಹೇಳಿದಂಗ ಹೊಡೀರಿ. ಮನ್ಯಾಗ ಕಾಕಿ ಅದಾರ,” ಎಂದೆ. ಅವರು ಗುಡ್ಡದ ಕಡೆ ನೋಡಿ, “ಆಗಲಿ ತಗೋ,” ಎಂದರು.

ಮರುದಿನ ಶ್ರಾವಣದ ಮೋಡ ಮುಸುಕಿ ಹೊತ್ತೇ ಕಾಣುತ್ತಿರಲಿಲ್ಲ. ಕಾಕಾ ಹನ್ನೊಂದನ್ನು ಒಂದೇ ಉಸಿರಿಗೆ ಹೊಡೆದು, ಕೊಡತಿ ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ ಒಳಗೆ ಹೋದರು. ಸಾಹೇಬರು ಗಡಿಯಾರ ನೋಡಿ ತಲೆದೂಗಿದರು.

ಅರ್ಧ ತಾಸು ಕಳೆದಿರಬೇಕು. ಒಬ್ಬ ಮುದುಕಿ ಚೀರುವ ಕೂಸನ್ನು ಎತ್ತಿಕೊಂಡು ಸೀದಾ ಕಚೇರಿಯೊಳಗೆ ನುಗ್ಗಿದಳು. ಕೂಸಿನ ದನಿ ಅತ್ತು ಅತ್ತು ಬಿದ್ದುಹೋಗಿತ್ತು.

“ಹನ್ನೊಂದರ ಗಂಟಿ ಯಾರು ನುಂಗೀರಿ? ನನ್ನ ಸೊಸಿ ಹೊಲದಾಗ ಕುಂತಾಳ, ಕೂಸು ಇಲ್ಲಿ ಸಾಯಾಕ ಹತ್ತೇತಿ!”

“ಹೊಡದೈತಲ್ಲವ್ವಾ, ಬರೋಬ್ಬರಿ ಹನ್ನೊಂದಕ್ಕ,” ಎಂದರು ಸಾಹೇಬರು.

“ಏನ್ ಹೊಡದೀರಿ, ಡಬಡಬಾ ಅಂತ! ಗಂಟಿ ಯಾವುದು, ಗುಡ್ಡದ ದನಿ ಯಾವುದು, ಒಂದರಾಗೊಂದು ಕೂಡಿದ್ರ ಹೊಲದಾಗಿನ ಹೆಣ್ಮಕ್ಕಳು ಹ್ಯಾಂಗ ಎಣಸಬೇಕ್ರಿ? ನಿಮ್ಮ ಕೈಯಾಗ ಗಡಿಯಾರ ಐತಿ. ಅದು ಹಾಲು ಕೊಡತೈತೇನು? ಕೊಡತಿದ್ರ ಹಿಡೀರಿ, ಕುಡಸರಿ!” ಎಂದು ಕೂಸನ್ನು ಸಾಹೇಬರ ಮೇಜಿನ ಮೇಲೆ, ಫೈಲುಗಳ ನಡುವೆ ಮಲಗಿಸಿಯೇಬಿಟ್ಟಳು.

ಆಗ ನನಗೆ ತಿಳಿಯಿತು. ಎರೆಹೊಲಗಳಲ್ಲಿ ಹತ್ತಿಯ ಕಸ ತೆಗೆಯುವ ಎಳೆಯ ತಾಯಂದಿರಿಗೆ ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ ಮನೆಗೆ ಓಡಿಬಂದು ಹಾಲುಣಿಸಿ ಹೋಗಲು ಬಿಡುವು ಕೊಡುತ್ತಿದ್ದರು. ಅವರಿಗಿದ್ದ ಗಡಿಯಾರ ಕಾಕಾನ ಕೊಡತಿಯೊಂದೇ. ಅದಕ್ಕಾಗಿಯೇ ಆತ ಪ್ರತಿ ಪೆಟ್ಟನ್ನೂ ಬಿಡಿಬಿಡಿಯಾಗಿ ಕಳಿಸುತ್ತಿದ್ದದ್ದು. ಅದನ್ನು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಯಾರೂ ಕೂತು ಕೇಳಿರಲೂ ಇಲ್ಲ, ನಾನೂ ಸೇರಿ.

ಸಾಹೇಬರು ಕೂಸನ್ನು ನೋಡಿದರು. ಅದು ಅವರ ಬೆರಳು ಹಿಡಿದು ಚೀಪತೊಡಗಿತ್ತು. ಬೆರಳು ಬಿಡಿಸಿಕೊಳ್ಳದೆಯೇ ಬಾಗಿಲ ಕಡೆ ತಿರುಗಿ, ಅಲ್ಲಿ ಬಂದು ನಿಂತಿದ್ದ ಕಾಕಾನಿಗೆ ಹೇಳಿದರು: “ಹೋಗು, ಮತ್ತ ಹನ್ನೊಂದು ಹೊಡಿ. ನಿನ್ನ ಹಂಗ ಹೊಡಿ.”

ಹನ್ನೊಂದೂವರೆ ಆಗಿಹೋಗಿತ್ತು. ಕಾಕಾ ಮತ್ತೆ ಹನ್ನೊಂದು ಹೊಡೆದರು. ಒಂದು… ಗುಡ್ಡದ ಜವಾಬು… ಎರಡು… ಕಚೇರಿಯಲ್ಲಿ ಯಾರೂ ಲೇಖಣಿ ಎತ್ತಲಿಲ್ಲ. ಹನ್ನೊಂದನೆಯದು ಅಡಗಿ ಸ್ವಲ್ಪ ಹೊತ್ತಿಗೆ, ಸೀರೆಯ ನಿರಿಗೆ ಮೊಣಕಾಲಿಗೆ ಕಟ್ಟಿಕೊಂಡು, ಕಾಲೆಲ್ಲ ಕೆಸರಾದ ಹುಡುಗಿಯೊಬ್ಬಳು ಕಚೇರಿಯ ಮುಂದಿನ ಹಾದಿಯಲ್ಲಿ ಓಡುತ್ತ ಬಂದಳು. ಮುದುಕಿ ಕೂಸನ್ನೆತ್ತಿಕೊಂಡು ಎದುರು ಹೋದಳು. ಮೆಮೊವನ್ನು ಸಾಹೇಬರು ನನ್ನಿಂದಲೇ ಹರಿದು ಹಾಕಿಸಿದರು.

ಕಾಕಾ ಪಿಂಚಣಿ ಪಡೆದ ಮೇಲೆ ಊರಿಗೆ ತಾಸು ತಾಸಿಗೆ ಕೂಗುವ ವಿದ್ಯುತ್ತಿನ ಭೋಂಗಾ ಬಂತು, ಗಂಟೆ ಹಳೆಯ ಸಾಮಾನಿನ ಕೋಣೆ ಸೇರಿತು. ನನಗೆ ಗಜೇಂದ್ರಗಡಕ್ಕೆ ವರ್ಗವಾಯಿತು. ಒಂದು ಬೆಳಗ್ಗೆ ಬಸ್ಸಿನ ಕಂಡಕ್ಟರನೊಬ್ಬ ಸುದ್ದಿ ತಂದ: ಕಾಕಾನಿಗೆ ಬೇನೆ ಜೋರಾಗಿದೆ, ನಿಮ್ಮನ್ನು ನೋಡಬೇಕಂತೆ. ಒಂದು ಫೈಲು ಅಂದೇ ಹೋಗಬೇಕಿತ್ತು. ಮುಗಿಸಿ ಸಂಜೆಯ ಬಸ್ಸು ಹಿಡಿದೆ. ನಾನು ನರಗುಂದ ಮುಟ್ಟುವಷ್ಟರಲ್ಲಿ ಕಾಕಾನನ್ನು ಮಣ್ಣು ಮಾಡಿ ಮುಗಿದಿತ್ತು. ಅದು ಯಾವ ಫೈಲೆಂದು ಈಗ ನೆನಪೂ ಇಲ್ಲ.

ಕಾಕಿ ಗೋಡೆಗೆ ಒರಗಿ ಕೂತಿದ್ದರು. “ಮುಂಜಾನಿಂದ ನಿನ್ನಽ ಕೇಳಿದ್ರಪಾ. ಬಸ್ಸಿನ್ಯಾಗ ಹೇಳಿ ಕಳಿಸೇವಿ, ಬರತಾನ ಅಂದೆ. ‘ಬರಲಿ ತಗೋ, ಅವಸರ ಮಾಡಬ್ಯಾಡ ಅನ್ನು’ ಅಂದ್ರು.”

ಅದು ಆಗಿ ಅರವತ್ತು ವರ್ಷವಾಯಿತು.

ಮೊನ್ನೆ ತಾಟಿನ ದನಿ ಪೂರ್ತಿ ಅಡಗುವವರೆಗೆ ಮೊಮ್ಮಗಳು ಕತ್ತು ಓರೆ ಮಾಡಿ ಕೇಳಿದಳು. “ಇನ್ನೊಮ್ಮೆ ಅಜ್ಜಾ,” ಎಂದು ಚಮಚದಿಂದ ಮತ್ತೆ ಹೊಡೆದಳು. ಅಷ್ಟರಲ್ಲಿ ಶಾಲೆಯ ಬಸ್ಸು ಬಂದು ಹೋಗಿತ್ತು. ಸೊಸೆ ನನ್ನನ್ನೇ ಬೈದಳು. ಆಮೇಲೆ ನಾನು ಕೋಲು ಹಿಡಿದುಕೊಂಡು, ಅವಳನ್ನು ನಡೆಸಿಕೊಂಡೇ ಶಾಲೆಗೆ ಬಿಟ್ಟು ಬಂದೆ.