ಮಂಜು ಚಿಕ್ಕಪ್ಪನ ಮೊಣಕಾಲು

ಮೊನ್ನೆ ಸಂಜೆ ಕೆಳಗಿನ ಮನೆಯವರು ಲಕ್ಕಿ ಸೊಪ್ಪು ಕುದಿಸುತ್ತಿದ್ದರು. ಯಾರಿಗೋ ಕಾಲು ಉಳುಕಿರಬೇಕು. ಆ ಕಹಿ ಘಾಟು ದಾವಣಗೆರೆಯ ಈ ಬಾಡಿಗೆ ಮನೆಯ ಮೆಟ್ಟಿಲು ಹತ್ತಿ ಬಂದದ್ದೇ ತಡ, ನಾನು ಒಲೆಯ ಮೇಲಿನ ಸಾರು ಮರೆತು ಹರಿಹರದ ನಮ್ಮ ಹಳೇ ಮನೆಯ ಪಡಸಾಲೆಯಲ್ಲಿ ನಿಂತಿದ್ದೆ. ಅಲ್ಲಿ ಪಾತ್ರೆಯಿಂದ ಹಬೆ ಏಳುತ್ತಿತ್ತು. ಅಜ್ಜಿ ಬಿಸಿ ಸೊಪ್ಪನ್ನು ಹಳೇ ಪಂಚೆಯ ತುಂಡಿನಲ್ಲಿ ಕಟ್ಟುತ್ತಿದ್ದಳು, ಕಂಬಕ್ಕೆ ಒರಗಿ ಕಾಲು ಚಾಚಿದ್ದ ಮಂಜು ಚಿಕ್ಕಪ್ಪ ಹಲ್ಲು ಕಚ್ಚಿಕೊಂಡು ಜಂತಿ ನೋಡುತ್ತಿದ್ದ. ನಿಮ್ಮನ್ನು ಯಾವ ವಾಸನೆ ಹೀಗೆ ಎಳೆದೊಯ್ಯುತ್ತದೋ ನಾನರಿಯೆ. ನನ್ನ ಬಾಲ್ಯಕ್ಕಂತೂ ಲಕ್ಕಿ ಸೊಪ್ಪಿನದೇ ವಾಸನೆ.

ಚಿಕ್ಕಪ್ಪ ಅಪ್ಪನ ಕೊನೆಯ ತಮ್ಮ. ಹರಿಹರದ ಒಂದು ಫುಟ್‌ಬಾಲ್ ಕ್ಲಬ್ಬಿನ ಸ್ಟ್ರೈಕರ್, ಅಂದರೆ ಗೋಲು ಹೊಡೆಯಬೇಕಾದವನು. ಕ್ಲಬ್ಬಿನ ಹೆಸರು ‘ಅಖಿಲ ಕರ್ನಾಟಕ’ ಎಂದು ಶುರುವಾಗುತ್ತಿತ್ತು. ಆಟಗಾರರೆಲ್ಲ ನಮ್ಮ ಓಣಿ ಮತ್ತು ಪಕ್ಕದ ಓಣಿಯವರು. ಹೊಳೆ ದಂಡೆಯ ಬಯಲಿನಲ್ಲಿ ಆಡುತ್ತಿದ್ದರು, ಚೆಂಡು ನೀರಿಗೆ ಬಿದ್ದರೆ ಆಟ ನಿಲ್ಲುತ್ತಿತ್ತು. ಅವರು ಗೆದ್ದದ್ದನ್ನು ನಾನು ಕಣ್ಣಾರೆ ಕಂಡವಳಲ್ಲ. ಆದರೆ ಜಂಬಕ್ಕೇನೂ ಬಡತನವಿರಲಿಲ್ಲ. ಬಜಾರಿನಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದ ಖಾದರ್ ಸಾಬ್ರು ಅಧ್ಯಕ್ಷರು. ಬೆಂಗಳೂರಿನ ಟೀಮುಗಳು ಹರಿಹರಕ್ಕೆ ಬರದಿರುವುದು ಹೆದರಿಕೆಯಿಂದಲೇ ಎಂದು ಅವರು ಮನಸಾರೆ ನಂಬಿದ್ದರು. ಪಂದ್ಯ ಶುರುವಾಗುವ ಮೊದಲೇ ಚಿಕ್ಕಪ್ಪನಿಗೆ ಶಾಲು ಹೊದಿಸಿ, ಹಾರ ಹಾಕಿ, ಕೈಗೊಂದು ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡುವುದು ಅವರು ಹಾಕಿದ ಪದ್ಧತಿ. “ಗೆದ್ದಮ್ಯಾಲೆ ಎಲ್ಲಾರೂ ಮಾಡ್ತಾರ್ರಿ, ಅದ್ರಾಗೇನೈತಿ? ನಾವು ಮೊದ್ಲೇ ಮಾಡ್ಬಿಡ್ತೀವಿ” ಅನ್ನುತ್ತಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಟೀವಿಗೂ ಶಾಲು, ಹೊಲಿಗೆ ಮಷೀನಿಗೂ ಶಾಲು, ಹಪ್ಪಳದ ಡಬ್ಬಿಗೂ ಶಾಲು. ಗೋಲಿನ ಸುದ್ದಿ ಮಾತ್ರ ಇಲ್ಲ.

ಯಾಕೆಂದರೆ ಚಿಕ್ಕಪ್ಪ ಪಂದ್ಯ ಮುಗಿಸಿದ್ದೇ ಇಲ್ಲ. ಅರ್ಧ ಆಟದೊಳಗೆ ಎಲ್ಲೋ ಬಿದ್ದಿರುತ್ತಿದ್ದ. ಒಮ್ಮೆ ಹಿಮ್ಮಡಿ, ಒಮ್ಮೆ ಭುಜ, ಹೆಚ್ಚಿನ ಸಲ ಅದೇ ಬಲಗಾಲಿನ ಮೊಣಕಾಲು. ಸಾಬ್ರ ಅಂಗಡಿಯ ಹೊಸ ಹಾಸಿಗೆಯ ಮೇಲೆ ಮಲಗಿಸಿ ಗೂಡ್ಸ್ ಆಟೋದಲ್ಲಿ ಮನೆಗೆ ತರುತ್ತಿದ್ದರು. ಹಿಂದೆಯೇ ಸೋತ ತಂಡ ಬರುತ್ತಿತ್ತು, ಅಜ್ಜಿಯ ಕೈಯ ಚಹಾ ಕುಡಿದು ತಲೆ ಆಡಿಸುತ್ತಿತ್ತು: “ಮಂಜಣ್ಣ ಇದ್ದಿದ್ರೆ ಕಥೆನೇ ಬ್ಯಾರೆ ಇತ್ತು.” ಆ ಮಾತೊಂದೇ ಆ ಕ್ಲಬ್ಬಿನ ಆಸ್ತಿ ಎಂದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಚಿಕ್ಕಪ್ಪನ ಕಾಲು ಕೆಟ್ಟಿರುವಷ್ಟು ದಿನ ಅವರು ಸೋತಂತೆ ಆಗುತ್ತಲೇ ಇರಲಿಲ್ಲ.

ದಾವಣಗೆರೆಯ ಡಾಕ್ಟರು ಕೊನೆಗೆ ಖಡಾಖಂಡಿತವಾಗಿ ಹೇಳಿದರು, ಈ ಮೊಣಕಾಲು ಇನ್ನೊಮ್ಮೆ ತಿರುಗಿದರೆ ಜೀವನಪೂರ್ತಿ ಎಳೆದುಕೊಂಡೇ ನಡೆಯಬೇಕು. ಅಜ್ಜಿ ಅವತ್ತು ಊಟ ಮಾಡಲಿಲ್ಲ. ಚಿಕ್ಕಪ್ಪ ತಿಂಗಳುಗಟ್ಟಲೆ ಮನೆಯಲ್ಲೇ ಕೂತು ಕಾಲು ವಾಸಿ ಮಾಡಿಕೊಂಡ. ಅಷ್ಟರಲ್ಲಿ ದಾವಣಗೆರೆಯಲ್ಲಿ ಪಂದ್ಯ ನಿಗದಿಯಾಯಿತು, ಸಾಬ್ರು ಬಂದು ಪಡಸಾಲೆಯಲ್ಲಿ ಕೂತರು. ಅಜ್ಜಿ “ಬ್ಯಾಡಪ್ಪಾ ಮಂಜ, ಸಾಕು” ಅಂದಳು. ಚಿಕ್ಕಪ್ಪ ಅವಳ ಮುಖ ನೋಡದೆ ಹೇಳಿದ: “ಇಷ್ಟು ಜನ ನನ್ನ ನಂಬ್ಯಾರವ್ವ. ಒಂದ್ಸಲ ಪೂರ್ತಿ ಆಡಿಬಿಡ್ತೀನಿ. ಆಮ್ಯಾಲೆ ನೀ ಹೇಳ್ದಂಗೆ.” ಮರುದಿನ ಅಜ್ಜಿ ನನ್ನ ಕೈ ಹಿಡಿದು ಉಕ್ಕಡಗಾತ್ರಿಯ ಬಸ್ಸು ಹತ್ತಿದಳು. ಅಲ್ಲಿನ ಅಜ್ಜಯ್ಯನ ಗದ್ದಿಗೆಯ ಮುಂದೆ ಅವಳು ಬೇಡಿಕೊಂಡದ್ದು ನನ್ನ ಕಿವಿಗೂ ಬಿತ್ತು: “ಗೆಲ್ಲೋದು ಸೋಲೋದು ನಿನ್ನಿಷ್ಟ ಅಜ್ಜಯ್ಯ. ನನ್ನ ಮಗನ ಕಾಲು ನಂಗೆ ಕೊಡು.”

ಪಂದ್ಯಕ್ಕೆ ಅಪ್ಪ ನನ್ನನ್ನೂ ಕರೆದೊಯ್ದ. ಎಂದಿನಂತೆ ಮೊದಲು ಶಾಲು, ಹಾರ. ಆಮೇಲೆ ಆಟ. ಅರ್ಧ ಆಟ ಮುಗಿಯಿತು, ಚಿಕ್ಕಪ್ಪ ಬೀಳಲಿಲ್ಲ. ಓಡಿದ, ಜಿಗಿದ, ಕಾಲು ಹೇಳಿದ ಮಾತು ಕೇಳಿತು. ಗೋಲಿನ ಎದುರಿಗೇ ಚೆಂಡು ಸಿಕ್ಕಿತು, ಹೊಡೆದ, ಅದು ಕಾಂಪೌಂಡು ದಾಟಿ ರಸ್ತೆಗೆ ಹೋಯಿತು. ಮತ್ತೆ ಸಿಕ್ಕಿತು, ಎದುರಿನ ಗೋಲ್‌ಕೀಪರನ ಕೈಗೇ ಇಟ್ಟ. ಇನ್ನೊಮ್ಮೆ ಕಾಲಿಗೇ ತಾಕಲಿಲ್ಲ. ಎದುರಿನವರು ಹೊಡೆದ ಗೋಲುಗಳ ಲೆಕ್ಕ ಈಗ ಬೇಡ. ಕೊಡೆ ಹಿಡಿದು ಕೂಗುತ್ತಿದ್ದ ಸಾಬ್ರು ಮೆಲ್ಲಗೆ ಕೊಡೆ ಮಡಚಿ ಕುಳಿತುಬಿಟ್ಟರು.

ಆಟ ಮುಗಿದ ಮೇಲೆ ತಂಡವೆಲ್ಲ ಚಿಕ್ಕಪ್ಪನ ಸುತ್ತ ನಿಂತಿತು. ಸಾಬ್ರು ಹತ್ತಿರ ಬಂದು ಅವನ ಮೊಣಕಾಲು ಮುಟ್ಟಿದರು. ಅವರ ದನಿಯಲ್ಲಿದ್ದ ಆಸೆ ನನಗೆ ಈಗಲೂ ಕೇಳಿಸುತ್ತದೆ. “ನೋಯ್ತೈತೇನೋ ಮಂಜಪ್ಪ?” ಹೌದು ಅಂದುಬಿಟ್ಟಿದ್ದರೆ ಕ್ಲಬ್ಬಿನ ಮಾನ ಉಳಿಯುತ್ತಿತ್ತು, ಮುಂದಿನ ಪಂದ್ಯವೂ ಬರುತ್ತಿತ್ತು, ಅದರ ಮುಂದಿನದೂ. ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. ಚಿಕ್ಕಪ್ಪ ಅಂಗಿಯಲ್ಲಿ ಮುಖ ಒರೆಸಿಕೊಂಡ. “ಇಲ್ರೀ ಸಾಬ್ರೆ, ಕಾಲು ಚಲೋ ಐತೆ. ನಂಗೆ ಆಡಕ್ಕೆ ಬರಲ್ಲ, ಅಷ್ಟೇ.”

ನಮ್ಮ ಗೋಲ್‌ಕೀಪರ್ ನೆಲಕ್ಕೆ ಕುಸಿದು ನಗತೊಡಗಿದ, “ನಂಗೂ ಬರಲ್ಲಲೇ ಮಂಜಣ್ಣ” ಅಂದ. ಕೊನೆಗೆ ಸಾಬ್ರೂ ನಕ್ಕರು. ವರ್ಷಗಟ್ಟಲೆ ಹೊತ್ತ ಮೂಟೆ ಇಳಿಸಿದವರ ಹಾಗೆ ಎಲ್ಲರೂ ಮಂಡಕ್ಕಿ ಮಿರ್ಚಿ ಅಂಗಡಿಗೆ ನಡೆದರು. ಅಷ್ಟು ಸುಖವಾಗಿ ತಿಂದ ಸೋತ ತಂಡವನ್ನು ನಾನು ಬೇರೆಲ್ಲೂ ನೋಡಿಲ್ಲ. ಹರಿಹರದಲ್ಲಿ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಚಿಕ್ಕಪ್ಪ ಗೋಡೆ ಹಿಡಿಯದೆ ಕಟ್ಟೆ ಹತ್ತಿದ. “ಸೋತ್ವವ್ವ” ಅಂದ. ಅವಳು “ಸೋತ್ರೆ ಸೋತ್ರಿ ಬಿಡು” ಅಂದು ಅವನ ಕಾಲು ಸವರಿ, ಸೆರಗಿನಿಂದ ಕಣ್ಣೊರೆಸಿಕೊಂಡು ರೊಟ್ಟಿ ತಟ್ಟಲು ಒಳಗೆ ಹೋದಳು.

ಆ ಮನೆ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಪಡಸಾಲೆ ಹೋಯಿತು, ಉಳಿದದ್ದನ್ನು ನಾವೇ ಮಾರಿದೆವು. ಕ್ಲಬ್ಬನ್ನು ಯಾರೂ ಮುಚ್ಚಲಿಲ್ಲ, ಅದು ತಾನೇ ನಿಂತುಹೋಯಿತು. ಸಾಬ್ರೂ ಹೋದರು. ಅಜ್ಜಿ ಹೋದದ್ದು ಮಳೆಗಾಲದಲ್ಲಿ, ರುದ್ರಭೂಮಿಯ ದಾರಿಯೆಲ್ಲ ಕೆಸರು. ಚಿಕ್ಕಪ್ಪನಿಗೆ ಆಗಲೇ ತಲೆ ನರೆತಿತ್ತು. ಚಟ್ಟದ ಮುಂದಿನ ಬಲಗಡೆಗೆ ಹೆಗಲು ಕೊಟ್ಟಿದ್ದ, ಯಾರು ಕೇಳಿದರೂ ಬಿಟ್ಟುಕೊಡಲಿಲ್ಲ. ನಾನು ಅಳುತ್ತಾ ಹಿಂದೆ ನಡೆಯುತ್ತಿದ್ದೆ, ನೋಡುತ್ತಿದ್ದದ್ದು ಮಾತ್ರ ಅವನ ಕಾಲನ್ನು. ಆ ಜಾರುವ ದಾರಿಯಲ್ಲಿ ಉಳಿದವರೆಲ್ಲ ಒಮ್ಮೆಯಾದರೂ ತಡವರಿಸಿದರು. ಅವನು ತಾಯಿಯನ್ನು ಹೊತ್ತು ಕೊನೆಯವರೆಗೂ ನೆಟ್ಟಗೆ ನಡೆದ.